ನಾನು ನಿಲ್ಲಿಸಿದ ರೈಲು

ಶುಕ್ರವಾರ ಸಂಜೆ ಐದು ಗಂಟೆಗೆ ಕಾಪುವಿನ ನಮ್ಮ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಆ ಹೊತ್ತಿಗೆ ನಮ್ಮವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಜಗಲಿಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡು ವಾಟ್ಸಾಪ್ ಗುಂಪಿಗೆ ಮಾತಾಡುತ್ತಾರೆ. ಬರೇ ಧ್ವನಿ ಹೋಗುವ ಮೆಸೇಜಿಗೆ ಇಸ್ತ್ರಿಯ ಅಂಗಿ ಯಾಕೆ ಎಂದು ನಾನು ಕೇಳಿಲ್ಲ. "ಸ್ನೇಹಿತರೇ, ಈ ವಾರಾಂತ್ಯಕ್ಕೆ ಒಂದು ಹಳೆಯ ರಷ್ಯನ್ ಚಿತ್ರ" ಎಂದು ಶುರುವಾದರೆ ಮುಗಿಯುವಾಗ ನನ್ನ ಚಹಾ ಆರಿರುತ್ತದೆ. ಕೇಳುವವರು ಇವರಿಂದ ಕಾಲೇಜಿನಲ್ಲಿ ಇತಿಹಾಸ ಕಲಿತವರು. ಮಣಿಪಾಲದ ಡಾಕ್ಟರುಗಳು, ಉಡುಪಿಯ ವಕೀಲರು, ಕಾರ್ಕಳದ ಲೆಕ್ಚರರುಗಳು. ಫೋನು ಹಿಡಿದುಕೊಂಡು ಮೈಕಿನ ಗುರುತನ್ನು ಒತ್ತುವುದು ನಾನು. ಆ ಗುರುತು ಇವರಿಗೆ ಕಾಣುವುದಿಲ್ಲ.

ರೆಟಿನಾದ ನಡುಭಾಗ ಸವೆದಿದೆ ಎಂದು ಮಣಿಪಾಲದ ಕಣ್ಣಿನ ಡಾಕ್ಟರು ಹೇಳಿದ್ದರು. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಗೇಟು, ಮೆಟ್ಟಿಲು, ರಸ್ತೆಯಲ್ಲಿ ಮಲಗಿದ ದನ, ಇಷ್ಟನ್ನೆಲ್ಲ ಹೇಗೋ ಸುಧಾರಿಸುತ್ತಾರೆ. ಎದುರಿಗಿದ್ದವರ ಮುಖ ಇಲ್ಲ, ಅಕ್ಷರ ಇಲ್ಲ. ಮಾತು ಕೇಳಿಯೇ ಆಳು ಯಾರೆಂದು ಹೇಳುತ್ತಾರೆ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯಿಂದ ಮರಳುವಾಗ ಬಸ್ಸಿನಲ್ಲೇ ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡರು, ಈ ವಿಷಯ ಮನೆಯ ಹೊಸ್ತಿಲು ದಾಟಬಾರದು ಎಂದು. ಅಷ್ಟು ವರ್ಷಗಳಲ್ಲಿ ಬಸ್ಸಿನಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನಾನು ಕರಗಿ ಹೋದೆ, ಒಪ್ಪಿದೆ.

ರಷ್ಯಾದ ಹುಚ್ಚು ಹಳೆಯದು. ಇವರ ಯೌವನದಲ್ಲಿ ಮಣಿಪಾಲದಲ್ಲಿ ಸಿನಿಮಾ ನೋಡುವವರ ಒಂದು ಕೂಟವಿತ್ತು. ಎಲ್ಲಿಂದಲೋ ರೀಲಿನ ಡಬ್ಬಗಳನ್ನು ತರಿಸಿ ಭಾನುವಾರ ಸೋವಿಯೆತ್ ಚಿತ್ರ ಹಾಕುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ಬರುತ್ತೇನೆ ಎಂದೆ. ಅಲ್ಲಿಗೆ ಹೆಂಗಸರು ಬರುವುದಿಲ್ಲ ಎಂದರು. ಹೆಂಗಸರಲ್ಲಿ ಒಬ್ಬರು ಬರುತ್ತಿದ್ದರು, ಊಟಕ್ಕೆ ಕುಳಿತಾಗ ಅವರ ತಿಳುವಳಿಕೆಯ ಹೊಗಳಿಕೆಯನ್ನೂ ನಾನು ಕೇಳಬೇಕಾಗಿತ್ತು. ಅದನ್ನು ನೆನಪಿಸಿದ್ದಕ್ಕೆ "ಅವರ ವಿಷಯ ಬೇರೆ" ಎಂದರು. ನಾನು ಆಗ ವಿಮಾ ಕಚೇರಿಯಲ್ಲಿ ಟೈಪಿಸ್ಟ್. ದಿನವಿಡೀ ಇಂಗ್ಲಿಷ್ ಓದಿ ಇಂಗ್ಲಿಷ್ ಹೊಡೆಯುವವಳಿಗೆ ಪರದೆಯ ಕೆಳಗೆ ಬರುವ ನಾಲ್ಕು ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತೋ ಇಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ.

ಈಗ ಅವೇ ಚಿತ್ರಗಳು ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುತ್ತವೆ. ಬುಧವಾರ ಊಟದ ಪಾತ್ರೆ ತೊಳೆದಿಟ್ಟು ನಾವಿಬ್ಬರೂ ಟಿವಿಯ ಮುಂದೆ ಕೂರುತ್ತೇವೆ. ಅಕ್ಷರ ಓದಿ ತುಳುವಿನಲ್ಲಿ ಹೇಳುವುದು ನನ್ನ ಕೆಲಸ. ಮಾತು ಮಾತ್ರವಲ್ಲ, ಕಾಣುವುದನ್ನೂ ಹೇಳಬೇಕು. ಯಾರು ಬಂದರು, ಎಂತ ತೊಟ್ಟಿದ್ದಾರೆ, ಮುಖ ಹೇಗೆ ಉಂಟು. ರಷ್ಯನ್ ಮಾತು ಜೋರಾದರೆ ನಾನು ಹೇಳುವುದು ಕೇಳುವುದಿಲ್ಲವೆಂದು ಬೈಯುತ್ತಾರೆ, ಹಾಗಾಗಿ ಟಿವಿಯ ಶಬ್ದ ಇಳಿಸಿರುತ್ತೇನೆ. ರಿಮೋಟ್ ನನ್ನ ಕೈಯಲ್ಲೇ ಇರುತ್ತದೆ.

ಈ ವಿದ್ಯೆ ನನಗೆ ತಂದೆಯಿಂದ ಬಂದದ್ದು. ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಲ್ಲಿ ಕರ್ಣನನ್ನೂ ಕೃಷ್ಣನನ್ನೂ ಎದುರಿಗೆ ತಂದು ನಿಲ್ಲಿಸುವುದು. ಮಾತು ಎಷ್ಟು ಬೇಕಾದರೂ ನಿನ್ನದೇ ಕಟ್ಟು, ಪ್ರಸಂಗದ ಕಥೆಯನ್ನು ಮಾತ್ರ ಮುಟ್ಟಬೇಡ ಎನ್ನುತ್ತಿದ್ದರು. ಕರ್ಣ ಸಾಯಲೇಬೇಕು. ಎದುರಾಳಿಯ ಮೇಲೆ ಸಿಟ್ಟಿದೆ ಎಂದು ಕರ್ಣನನ್ನು ಬದುಕಿಸಿದರೆ ಅಂಥವನು ಮತ್ತೆ ತಾಳಮದ್ದಳೆಯ ಕೂಟದ ಕಡೆಗೆ ಮುಖ ಹಾಕಬಾರದು. ನಾನು ಈ ನಿಯಮವನ್ನು ಬಹಳ ಕಾಲ ಪಾಲಿಸಿದೆ.

ಒಂದು ಬುಧವಾರ ಮುತ್ತಿಗೆಗೆ ಸಿಕ್ಕಿದ ಪಟ್ಟಣವೊಂದರ ಕಥೆ. ಅದರ ಒಂದು ದೃಶ್ಯದಲ್ಲಿ ಒಬ್ಬ ಮುದುಕಿ ಆಲೂಗಡ್ಡೆ ಸುಲಿಯುತ್ತಾಳೆ, ಬೇರೇನೂ ಆಗುವುದಿಲ್ಲ. ನಾನು ಹೇಳಿದೆ, "ಸಿಪ್ಪೆ ಎಷ್ಟು ತೆಳು ಅಂದರೆ ಆಚೆ ಬದಿಯ ಬೆಳಕು ಕಾಣ್ತದೆ. ಇವಳು ಹೀಗೆ ಸುಲಿಯಲಿಕ್ಕೆ ಕಲಿತದ್ದು ಈ ಯುದ್ಧದಲ್ಲೇ." ಇವರು "ಹ್ಞೂಂ" ಎಂದರು. ಶುಕ್ರವಾರದ ಮೆಸೇಜಿನಲ್ಲಿ ಆ ಸಿಪ್ಪೆ ಬಂತು. "ಆ ಮುದುಕಿಯ ಕೈಯ ಸಿಪ್ಪೆ ನೋಡಿ ಸ್ನೇಹಿತರೇ, ನಾನು ಯುದ್ಧವನ್ನು ಕಂಡದ್ದು ಅದರಲ್ಲಿ." ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಮೈಕಿನ ಗುರುತಿನ ಮೇಲಿದ್ದ ನನ್ನ ಹೆಬ್ಬೆರಳು ಒಂದು ಸಲ ಜಾರಿತು, ಮತ್ತೆ ಒತ್ತಿದೆ.

ಭಾನುವಾರ ಮೂವರು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದರು. ನಾನು ಬಾಳೆಹಣ್ಣಿನ ಬನ್ಸ್ ಕರಿದು ಕೊಟ್ಟೆ. ಮಣಿಪಾಲದ ಹಲ್ಲಿನ ಡಾಕ್ಟರೊಬ್ಬರು ತಟ್ಟೆ ತೆಗೆದುಕೊಳ್ಳುತ್ತಾ, "ಸರ್, ನಾವೂ ಅದೇ ಸಿನಿಮಾ ನೋಡಿದ್ದು. ಆ ಸಿಪ್ಪೆ ನಮಗೆ ಕಾಣಲೇ ಇಲ್ಲ. ನಿಮ್ಮ ಕಣ್ಣೇ ಕಣ್ಣು" ಎಂದರು. ಮತ್ತೆ ಮರ್ಯಾದೆಗೆ ನನ್ನ ಕಡೆ ತಿರುಗಿ, "ಮೇಡಂ ಸಹ ನೋಡ್ತೀರಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವರು ನಕ್ಕರು. "ಅವಳಿಗೆ ಎಂತ ರಷ್ಯಾ ಮಾರಾಯ! ಅತ್ತೆ ಸೊಸೆ ಸೀರಿಯಲ್ ಒಂದಿದ್ದರೆ ಸಾಕು. ಕಪ್ಪು ಬಿಳುಪು ಕಂಡರೆ ಅವಳಿಗೆ ನಿದ್ದೆ ಬರ್ತದೆ."

ಮೂವರೂ ನಕ್ಕರು. ಇವರು ಮುಖ ಮೇಲೆತ್ತಿ ನಗು ಬಂದ ದಿಕ್ಕನ್ನೆಲ್ಲ ಸವಿದರು. ನನಗೆ ಆ ಕ್ಷಣ ಇವರ ಮೇಲೆ ದ್ವೇಷ ಹುಟ್ಟಿತು. ಸಿಟ್ಟಲ್ಲ. ಸಿಟ್ಟಾದರೆ ಪಾತ್ರೆ ಕುಕ್ಕಿದರೆ ಹೋಗುತ್ತದೆ.

ಅವರು ಹೋದ ಮೇಲೆ ಕೇಳಿದೆ. "ಒಂದೇ ಒಂದು ಸಲ ಹೇಳಿ. ನಿಮ್ಮ ಕಣ್ಣಿನ ಸುದ್ದಿ ಬೇಡ. ಆ ಸಿಪ್ಪೆ ನನ್ನ ಹೆಂಡತಿ ಕಂಡದ್ದು ಅಂತ ಹೇಳಿದರೆ ಸಾಕು."

"ನೀನು ಓದಿದ್ದು ಹೌದು. ಅರ್ಥ ಮಾಡಿಕೊಂಡದ್ದು ನಾನಲ್ವಾ?" ಎಂದರು. ಅಷ್ಟಕ್ಕೇ ಬಿಡಲಿಲ್ಲ. "ಕಂಡಕ್ಟರ್ ಊರಿನ ಹೆಸರು ಕೂಗಿದ ಅಂತ ಬಸ್ಸು ಅವನದ್ದಾಗ್ತದಾ?"

ಆಯಿತು ಎಂದುಕೊಂಡೆ. ಈ ಕಂಡಕ್ಟರ್ ಒಂದು ಸಲ ಬೇರೆ ಊರಿನ ಹೆಸರು ಕೂಗುತ್ತಾಳೆ.

ಅವಕಾಶವೂ ತಾನಾಗಿಯೇ ಬಂತು. ಕಾರ್ಕಳದಲ್ಲಿ ಲೆಕ್ಚರರ್ ಆಗಿರುವ ವಿದ್ಯಾರ್ಥಿಯೊಬ್ಬರು ಶನಿವಾರ ಮಧ್ಯಾಹ್ನ ಒಂದು ಸಭಾಂಗಣದಲ್ಲಿ ಚಿತ್ರ ತೋರಿಸುವ ಏರ್ಪಾಡು ಮಾಡಿದ್ದರು. ಚಿತ್ರ ಸರ್ ಆರಿಸಬೇಕು, ಮೊದಲು ಸರ್ ಮಾತಾಡಬೇಕು, ಮತ್ತೆ ಎಲ್ಲರೂ ಕುಳಿತು ನೋಡುವುದು. ಇವರು ನನಗೆ ಒಳ್ಳೆಯದೊಂದು ಹುಡುಕು ಎಂದರು. ನಾನು ಹುಡುಕಿದೆ, ಮಂಗಳವಾರ ಮಧ್ಯಾಹ್ನ ಇವರು ಮಲಗಿದ್ದಾಗ ಒಬ್ಬಳೇ ನೋಡಿ ಮುಗಿಸಿದೆ.

ಯುದ್ಧ ಮುಗಿದಿದೆ. ಬಯಲಿನ ನಡುವೆ ರೈಲು ಹಳಿ, ಪಕ್ಕದಲ್ಲಿ ಗುಡಿಸಲು, ಅಲ್ಲಿ ರೈಲಿಗೆ ಬಾವುಟ ತೋರಿಸುವ ಕೆಲಸದ ಒಬ್ಬ ಹೆಂಗಸು. ಗಂಡ ಯುದ್ಧಕ್ಕೆ ಹೋದವನು. ಸೈನಿಕರನ್ನು ತುಂಬಿಕೊಂಡು ಮರಳುವ ಪ್ರತಿಯೊಂದು ರೈಲಿಗೂ ಅವಳು ತಲೆ ಬಾಚಿಕೊಂಡು ಬಂದು ನಿಲ್ಲುತ್ತಾಳೆ. ಕೊನೆಗೆ ಒಂದು ಕಿಟಕಿಯಲ್ಲಿ ಅವನ ಮುಖ. ಅವನು ಅವಳನ್ನು ನೋಡುತ್ತಾನೆ, ನೋಡಿ ಕಿಟಕಿಯ ಪರದೆ ಎಳೆದುಕೊಳ್ಳುತ್ತಾನೆ. ಅವಳ ಸೊಂಟದಲ್ಲಿ ಕೆಂಪು ಬಾವುಟವೂ ಇದೆ, ಅದನ್ನು ಎತ್ತಿದರೆ ರೈಲು ನಿಲ್ಲುತ್ತದೆ. ಅವಳು ಹಸಿರನ್ನೇ ಹಿಡಿದಿರುತ್ತಾಳೆ. ರೈಲು ಹೋಗುತ್ತದೆ. ಸುಮ್ಮನೆ ಹೋಗುವುದಿಲ್ಲ, ಬೋಗಿಯ ಹಿಂದೆ ಬೋಗಿ, ಅಬ್ಬರಿಸಿಕೊಂಡು ಹೋಗುತ್ತದೆ. ಮುಗಿದ ಮೇಲೆ ನನಗೆ ಎದ್ದು ಹೋಗಿ ಸಂಜೆಯ ದೀಪ ಹಚ್ಚಲೂ ಕೈ ಬರಲಿಲ್ಲ.

ಬುಧವಾರ ಇವರಿಗೆ ಮೊದಲಿನಿಂದ ಎಲ್ಲವನ್ನೂ ಚಾಚೂ ತಪ್ಪದೆ ಹೇಳಿದೆ. ಕೊನೆಯ ದೃಶ್ಯ ಬಂದಾಗ ಶಬ್ದ ಪೂರ್ತಿ ತೆಗೆದೆ.

"ಎಂತ, ಸೌಂಡ್ ಹೋಯಿತಾ?"

"ಇಲ್ಲ. ಚಿತ್ರದಲ್ಲೇ ಶಬ್ದ ಇಲ್ಲ. ಅವಳು ಕೆಂಪು ಬಾವುಟ ಎತ್ತಿದಳು. ರೈಲು ನಿಂತಿತು. ಗಂಡ ಇಳಿದ. ಅವಳು ಅಲ್ಲೇ ನಿಂತಿದ್ದಾಳೆ, ಓಡುವುದಿಲ್ಲ. ಅವನೇ ನಡೆದುಕೊಂಡು ಬರ್ತಾ ಇದ್ದಾನೆ."

ಟಿವಿಯಲ್ಲಿ ಬೋಗಿಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಇವರ ಕಣ್ಣಲ್ಲಿ ನೀರು ಬಂತು. "ಮೌನ!" ಎಂದರು. "ರೈಲು ನಿಲ್ಲುವಾಗ ಮೌನ! ಇದು ಈ ಜನರಿಗೆ ಮಾತ್ರ ಸಾಧ್ಯ." ನನಗೆ ಪಾಪ ಅನಿಸಲಿಲ್ಲ, ಖುಷಿಯಾಯಿತು. ತಂದೆಯ ನೆನಪಾಯಿತು, ಅದನ್ನು ಪಕ್ಕಕ್ಕೆ ತಳ್ಳಿದೆ.

ಕಾರ್ಕಳದಲ್ಲಿ ಸಭಾಂಗಣ ತುಂಬಿತ್ತು. ಇವರು ಮೈಕಿನ ಮುಂದೆ ಬಹಳ ಚೆನ್ನಾಗಿ ಮಾತಾಡಿದರು, ಅದರಲ್ಲಿ ಎರಡು ಮಾತಿಲ್ಲ. ಯುದ್ಧದ ಬಗ್ಗೆ, ಆ ದೇಶದ ಹೆಂಗಸರ ಬಗ್ಗೆ, ಕಾಯುವುದರ ಬಗ್ಗೆ. ಕೊನೆಗೆ ಧ್ವನಿ ತಗ್ಗಿಸಿ, "ಕೊನೆ ಹೇಳಬಾರದು, ಆದರೂ ಹೇಳ್ತೇನೆ. ರೈಲು ನಿಲ್ತದೆ. ಆಗ ನಿರ್ದೇಶಕ ಎಲ್ಲ ಶಬ್ದವನ್ನೂ ತೆಗೆದುಬಿಡ್ತಾನೆ. ಆ ಮೌನವನ್ನು ಕೇಳಿ. ನಾನು ಎಷ್ಟು ಸಲ ನೋಡಿದರೂ ಅಳ್ತೇನೆ" ಎಂದರು. ಚಪ್ಪಾಳೆ ಬಿತ್ತು. ಬಂದು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತರು.

ಚಿತ್ರ ಓಡಿತು. ನಾನು ಚಿತ್ರ ನೋಡಲಿಲ್ಲ, ಇವರನ್ನು ನೋಡಿದೆ. ಕೊನೆ ಹತ್ತಿರ ಬರುತ್ತಿದ್ದಂತೆ ಇವರು ಮುಂದಕ್ಕೆ ಬಾಗಿ, ಮೌನವನ್ನು ಕಾಯುತ್ತಾ ಕುಳಿತರು. ರೈಲಿನ ಸದ್ದು ದೂರದಿಂದ ಬಂತು. ದೊಡ್ಡದಾಯಿತು. ಆ ಸಭಾಂಗಣದ ಸ್ಪೀಕರುಗಳು ನಮ್ಮ ಟಿವಿಯ ಹಾಗಲ್ಲ, ಕುರ್ಚಿಯೇ ನಡುಗಿತು. ಇವರ ಕೈ ಕುರ್ಚಿಯ ಹಿಡಿಯನ್ನು ಹುಡುಕಿತು. ರೈಲು ನಮ್ಮನ್ನು ದಾಟಿತು, ಸದ್ದು ಸಣ್ಣದಾಗುತ್ತಾ ಹೋಯಿತು.

"ನಿಲ್ಲಲಿಲ್ವಾ?" ಎಂದರು, ಬರೀ ಉಸಿರಿನಲ್ಲಿ.

"ಇಲ್ಲ."

"ಗಂಡ?"

"ಕಿಟಕಿಯ ಪರದೆ ಎಳೆದುಕೊಂಡ."

ದೀಪ ಹತ್ತಿತು. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. "ಸರ್, ರೈಲು ನಿಲ್ತದೆ ಅಂದಿರಿ. ನಿಲ್ಲಲೇ ಇಲ್ಲ. ಮೌನ ಎಲ್ಲಿ ಉಂಟು ಸರ್?"

ಇವರು ಎದ್ದರು. ಸಭೆಯ ಕಡೆಗೆ ತಿರುಗಿದರು, ತಿರುಗಿದ್ದು ಸ್ವಲ್ಪ ಹೆಚ್ಚಾಯಿತು, ಮುಖ ಕಿಟಕಿಯ ಕಡೆಗೆ ಹೋಯಿತು. ಶುಕ್ರವಾರದ ಹಾಗೆ ಗಂಟಲು ಸರಿಮಾಡಿಕೊಂಡರು. ಮತ್ತೆ ಹೇಳಿದರು.

"ಅದು ನನ್ನ ಹೆಂಡತಿ ಹೇಳಿದ್ದು. ನನಗೆ ಅಕ್ಷರ ಕಾಣುವುದಿಲ್ಲ. ಚಿತ್ರವೂ ಕಾಣುವುದಿಲ್ಲ. ಎಲ್ಲವನ್ನೂ ಅವಳೇ ನೋಡಿ ಹೇಳುವುದು. ಇಷ್ಟರವರೆಗೆ ನಾನು ಹೇಳಿದ್ದೆಲ್ಲ ಅವಳು ಹೇಳಿದ್ದೇ."

ನಾನು ಬೇಡಿದ್ದು ಇದನ್ನೇ. ಒಂದು ಸಲ ಹೇಳಿ ಎಂದಿದ್ದೆ, ತುಂಬಿದ ಸಭೆಯಲ್ಲಿ, ನಾನು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. ಹೇಳಿದ್ದು ತಪ್ಪನ್ನು ನನ್ನ ತಲೆಗೆ ಕಟ್ಟಲಿಕ್ಕೆ, ಅದೂ ನಿಜ.

ತಮಾಷೆ ಎಂದುಕೊಂಡು ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಹಲ್ಲಿನ ಡಾಕ್ಟರು ಎದ್ದು ನಿಂತು, "ಸರ್, ಮೇಡಂಗೆ ಸೀರಿಯಲ್ ಅಲ್ವಾ? ತಪ್ಪಾದ ಕೂಡಲೇ ಎಲ್ಲ ಮನೆಯವರ ತಲೆಗಾ?" ಎಂದರು. ನಗು ಇನ್ನೂ ಏರಿತು.

ಇವರು ನನ್ನ ಕಡೆಗೆ ತಿರುಗಿದರು. ಈ ಸಲ ಸರಿಯಾಗಿ ತಿರುಗಿದರು. ಮುಖ ಕಾಣದಿದ್ದರೂ ನನ್ನ ಮುಖವನ್ನೇ ನೋಡುವವರ ಹಾಗೆ ನಿಂತು, ನನ್ನ ಒಂದು ಮಾತಿಗೆ ಕಾದರು. ಹೌದು ಎಂದರೆ ಸಾಕಿತ್ತು. ಆಗ ಪಾಪ ಅನಿಸಿತು. ಅನಿಸಿದ್ದು ಹೌದು, ಆದರೂ ನಾನು ಸೆರಗು ಸರಿಮಾಡಿಕೊಂಡು ಎಲ್ಲರ ಜೊತೆ ಸ್ವಲ್ಪ ನಕ್ಕೆ. ಆ ನಗು ಇವರಿಗೆ ಕೇಳಿಸಿತು.

ಕಾರ್ಯಕ್ರಮ ಏರ್ಪಡಿಸಿದ ಲೆಕ್ಚರರು ಮೈಕ್ ಹಿಡಿದು, ಸರ್ ನಮ್ಮನ್ನು ಪರೀಕ್ಷೆ ಮಾಡಿದರು, ನಾವು ಕಣ್ಣು ಬಿಟ್ಟು ನೋಡುತ್ತೇವೋ ಇಲ್ಲವೋ ಎಂದು ಬೇಕೆಂತಲೇ ಬೇರೆ ಕೊನೆ ಹೇಳಿದರು ಎಂದು ವಿವರಿಸಿದರು. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಪಡುಬಿದ್ರಿಗೆ ಹೋಗುವ ಬಸ್ಸಿನಲ್ಲಿ ಇವರು ಕಿಟಕಿಯ ಬದಿಗೆ ಕುಳಿತರು. ಕಂಡಕ್ಟರ್ ಬೆಳ್ಮಣ್, ಬೆಳ್ಮಣ್ ಎಂದು ಕೂಗಿದ. ಇವರು ಏನಾದರೂ ಹೇಳುತ್ತಾರೆ, ಕೈಯಾದರೂ ಎತ್ತುತ್ತಾರೆ ಎಂದುಕೊಂಡಿದ್ದೆ. ಶಾಲನ್ನು ಮಡಚಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ಪಡುಬಿದ್ರಿಯಲ್ಲಿ ಕಾಪುವಿನ ಬಸ್ಸು ಹತ್ತಿ ಎರ್ಮಾಳ್ ದಾಟಿದ ಮೇಲೆ, "ಆ ಮುದುಕಿಯ ಸಿಪ್ಪೆ? ಅದಾದರೂ ಇತ್ತಾ?" ಎಂದು ಕೇಳಿದರು.

ನಾನು ಟಿಕೇಟು ಹುಡುಕುವವಳ ಹಾಗೆ ಪರ್ಸಿನೊಳಗೆ ಕೈ ಹಾಕಿದೆ.

ಮಾಡಿದ್ದುಣ್ಣೋ ಮಹಾರಾಯ ಎಂದು ಇವರಿಗೆ ಹೇಳಬಹುದಿತ್ತು. ಆದರೆ ಅದೇ ಎಲೆಯಲ್ಲಿ ನಾನೂ ಉಣ್ಣುತ್ತಿದ್ದೇನೆ. ನಾನೇ ಕಂಡದ್ದು ಎಂದು ಈಗ ಊರಿಗೆಲ್ಲ ಸಾರಿದರೂ ಜನ ನಗುತ್ತಾರೆ, ಸರ್ ಆ ದಿನವೇ ಆ ತಮಾಷೆ ಮಾಡಿ ಆಗಿದೆ ಎನ್ನುತ್ತಾರೆ.

ಶುಕ್ರವಾರದ ಮೆಸೇಜು ನಿಂತಿಲ್ಲ. ಇಸ್ತ್ರಿಯ ಅಂಗಿಯೂ ಇದೆ. ಈಗ ಕೊನೆಯನ್ನು ಮಾತ್ರ ಹೇಳುವುದಿಲ್ಲ, "ಕೊನೆ ನೀವೇ ನೋಡಿ" ಎನ್ನುತ್ತಾರೆ. ಕುತೂಹಲ ಉಳಿಸುತ್ತೀರಿ ಸರ್ ಎಂದು ಗುಂಪಿನಲ್ಲಿ ಕೈ ಮುಗಿಯುವ ಚಿತ್ರಗಳು ಬೀಳುತ್ತವೆ, ಅವನ್ನೂ ನಾನೇ ಓದಿ ಹೇಳುತ್ತೇನೆ.

ಬುಧವಾರ ಮಾತ್ರ ಬದಲಾಗಿದೆ. ಮೊದಲು ಹ್ಞೂಂಗುಟ್ಟುತ್ತಿದ್ದವರು ಈಗ ಪ್ರತಿ ಮಾತಿಗೂ ತಡೆಯುತ್ತಾರೆ. ಹಿಮ ಬೀಳುತ್ತಿದೆ ಎಂದರೆ "ಹೌದಾ?" ಎನ್ನುತ್ತಾರೆ. ಮಗು ನಕ್ಕಿತು ಎಂದರೆ "ಹೌದಾ?" ಶಬ್ದ ಜೋರು ಮಾಡು ಎನ್ನುತ್ತಾರೆ, ಜೋರು ಮಾಡಿದರೆ ಅರ್ಥವಾಗದ ಭಾಷೆಗೆ ಕಿವಿಯೊಡ್ಡಿ ನನ್ನ ಸುಳ್ಳನ್ನು ಹುಡುಕುತ್ತಾ ಕುಳಿತಿರುತ್ತಾರೆ. ಕಾರ್ಕಳದಿಂದ ಬಂದ ಮೇಲೆ ನಾನು ಒಂದಕ್ಷರ ಬದಲಾಯಿಸಿಲ್ಲ. ಅದನ್ನು ಇವರಿಗೆ ಹೇಳಿಯೂ ಇಲ್ಲ.