ನನ್ನ ತಮ್ಮನ ತೂಕದ ಸಿದ್ಧಾಂತ

ನನ್ನ ತಮ್ಮ ಅಶ್ವತ್ಥ ತುಮಕೂರಿನಿಂದ ವರ್ಗವಾಗಿ ವಿಶಾಖಪಟ್ಟಣದ ಬ್ಯಾಂಕಿಗೆ ಬಂದವನು. ಇಲ್ಲೇ ನಿವೃತ್ತನಾಗಿ ಮಧುರವಾಡದಲ್ಲಿ ಒಂದು ಫ್ಲಾಟು ಕೊಂಡು ಕೂತ. ಕೂತ ಎಂದರೆ ನಿಜವಾಗಿಯೂ ಕೂತ. ಬಾಲ್ಕನಿಯ ಕುರ್ಚಿಯಲ್ಲಿ, ಎದುರು ಕಟ್ಟಡದ ಗೋಡೆ ನೋಡಿಕೊಂಡು, ಒಂದು ಮಳೆಗಾಲ ಪೂರ್ತಿ. ಊಟಕ್ಕೆ ಕರೆದರೆ ಬರುವನು, ಬಡಿಸಿದ್ದನ್ನು ತಿನ್ನುವನು, ಹೋಗಿ ಮತ್ತೆ ಕೂರುವನು. ಅವನ ಹೆಂಡತಿ ವಿಜಯಲಕ್ಷ್ಮೀ ಬೇಕೆಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿ ನೋಡಿದಳು. ಅವನು ತುಟಿ ಬಿಚ್ಚಲಿಲ್ಲ. ನಾನೂ ಅವರ ಜೊತೆಯಲ್ಲೇ ಇರುವವಳು. ಆ ಸಾರನ್ನು ನಾನೂ ಉಂಡೆ.

ಆಮೇಲೊಂದು ದಿನ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ. ಲೋಕದ ಅತಿ ಸಣ್ಣ ಕಣಗಳು ಎರಡೆರಡಾಗಿ ಹೆಣೆದುಕೊಳ್ಳುತ್ತವಂತೆ. ಒಂದನ್ನು ಇಲ್ಲಿಟ್ಟು ಇನ್ನೊಂದನ್ನು ಎಷ್ಟು ದೂರ ಒಯ್ದರೂ ಹೆಣಿಗೆ ಬಿಡುವುದಿಲ್ಲವಂತೆ. ಕ್ವಾಂಟಂ ಅಂತ ಅದಕ್ಕೆ ಹೆಸರು. ಅಷ್ಟೇ ಸಾಕಾಯಿತು, ಮಾತಿನ ಕಟ್ಟೆ ಒಡೆಯಿತು.

“ಅಕ್ಕ, ತೂಕ ಅನ್ನೋದು ಒಬ್ಬರ ಸೊತ್ತಲ್ಲ, ಜೋಡಿಯ ಸೊತ್ತು. ಬಾವಿ ರಾಟೆಗೆ ಎರಡು ಬಿಂದಿಗೆ ಕಟ್ಟಿದ ಹಾಗೆ. ಇಲ್ಲಿ ಒಂದು ಭಾರ ಆದ್ರೆ, ಅದರ ಜೋಡಿ ಎಲ್ಲಿದ್ರೂ ಹಗುರ ಆಗ್ಲೇಬೇಕು!”

ವಾಚ್‌ಮನ್ ಬಾಬ್ಜಿ ಅವನನ್ನು ಕಂಡರೆ ಮೋಟಾರು ಹಾಕಬೇಕೆಂದು ಓಡುತ್ತಿದ್ದ, ಟ್ಯಾಂಕು ತುಂಬಿ ಚೆಲ್ಲುತ್ತಿದ್ದರೂ. ಕೇಳುವುದಕ್ಕೆ ಉಳಿದವಳು ನಾನು. ನನಗೇನು ಅವಸರ? ಅವರೆಕಾಯಿ ಬಿಡಿಸುತ್ತಾ ಕೇಳುವೆ.

ಮೊದಲು ಒಂದೇ ಜೊತೆಯ ಎರಡು ಸ್ಟೀಲ್ ಲೋಟ ಇಟ್ಟುಕೊಂಡು ಪರೀಕ್ಷೆ ಮಾಡಿದ. ಏನೂ ಆಗಲಿಲ್ಲ. “ಸ್ಟೀಲಿಗೆ ಜೀವ ಇಲ್ಲ ಅಕ್ಕ” ಅಂದ. ಜೀವವಿರುವ ಜೋಡಿ ಎಲ್ಲಿ ಸಿಕ್ಕೀತು ಎಂದು ಹುಡುಕುತ್ತಿದ್ದವನ ಕಣ್ಣು ಹೆಂಡತಿಯ ಮೇಲೆ ಬಿತ್ತು. ವಿಜಯ ಅವಳಿ. ಜೊತೆಗೆ ಹುಟ್ಟಿದ ರಾಜ್ಯಶ್ರೀ ವಿಜಯವಾಡದ ಪಕ್ಕ ಗನ್ನವರಂನಲ್ಲಿದ್ದಾಳೆ. ಗಂಡ ಫಣಿ, ಅಲ್ಲಿಯ ತೆಲುಗಿನವನೇ.

“ನಿಮ್ಗೆ ತಲೆ ನೆಟ್ಟಗಿದೆಯೇನ್ರೀ?” ಎಂದು ವಿಜಯ ಸೌಟು ಹಿಡಿದೇ ಬಂದಳು. “ಅವಳು ತಿಂದ್ರೆ ನಾನು ಸಣ್ಣಗಾಗೋ ಹಾಗಿದ್ರೆ, ಇಷ್ಟು ವರ್ಷ ಅವಳು ತಿಂದ ಪೆಸರಟ್ಟು ದೋಸೆಗೆ ನಾನೀಗ ಕಡ್ಡಿ ಆಗಿರ್ಬೇಕಿತ್ತು!”

“ನೀನೂ ಇಲ್ಲಿ ತಿಂತಾ ಇದ್ದೆಯಲ್ಲ. ಸಮ ಆಯ್ತು.”

ಗಾಜುವಾಕಕ್ಕೆ ಹೋಗಿ ಒಂದೇ ಥರದ ಎರಡು ತೂಕದ ಯಂತ್ರ ತಂದ. ಒಂದು ಬಸ್ಸಿನಲ್ಲಿ ಪಾರ್ಸಲ್ ಆಗಿ ಗನ್ನವರಂಗೆ ಹೋಯಿತು. ಫಣಿಯ ಪಕ್ಕದ ಮನೆಯಲ್ಲಿ ಸೂರ್ಯಪ್ರಕಾಶ ಎಂಬ ಬಳ್ಳಾರಿಯವರಿದ್ದರು, ವಿಜಯವಾಡದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅಶ್ವತ್ಥ ಎಷ್ಟೋ ಪ್ರೊಫೆಸರುಗಳಿಗೆ ತನ್ನ ಸಿದ್ಧಾಂತ ಬರೆದಿದ್ದ, ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಇವರೊಬ್ಬರು, ಭಾನುವಾರ ಫೋನಿನಲ್ಲಿ ನೋಡುತ್ತೇನೆ ಎಂದರು. ಒಂದೇ ಷರತ್ತು: ಅಲ್ಲಿಯವರೆಗೆ ಅಕ್ಕತಂಗಿ ಮಾತಾಡಕೂಡದು. ಇಬ್ಬರ ಫೋನೂ ಗಂಡಂದಿರ ಜೇಬು ಸೇರಿದವು.

“ಇದೂ ಆಗ್ಲಿಲ್ಲ ಅಂದ್ರೆ ಇನ್ನು ಬಾಯಿ ಬಿಡಲ್ಲ ಅಕ್ಕ. ಸಾಕು” ಎಂದ ಅಶ್ವತ್ಥ, ಊಟದ ನಡುವೆ.

ಆಮೇಲೆ ವಿಜಯ ನನ್ನ ಹತ್ತಿರ ಬಂದು ಕೂತಳು. ಅವನ ಮಾತಿಗೆ ದಿನವೂ ತಲೆ ಚಚ್ಚಿಕೊಳ್ಳುವವಳು. “ಅತ್ತಿಗೆ, ಮತ್ತೆ ಆ ಕುರ್ಚಿಲಿ ಕೂತ್ಬಿಟ್ರೆ?” ಅಂದಳು.

ಭಾನುವಾರ ಬೆಳಿಗ್ಗೆ ಬೇಳೆ ಡಬ್ಬಕ್ಕೆ ಫೋನು ಒರಗಿಸಿದೆವು. ಆ ಕಡೆ ರಾಜ್ಯಶ್ರೀ, ತಟ್ಟೆ ಹಿಡಿದ ಫಣಿ, ಮೇಷ್ಟ್ರು. ಮೊದಲು ಇಬ್ಬರೂ ತೂಗಿಸಿಕೊಳ್ಳಬೇಕು. ಆಮೇಲೆ ರಾಜ್ಯಶ್ರೀ ಹೊಟ್ಟೆ ತುಂಬ ತಿನ್ನಬೇಕು, ವಿಜಯ ಉಪವಾಸ ಇರಬೇಕು. ಮತ್ತೆ ತೂಗಿದಾಗ ಅವಳು ಏರಿ ಇವಳು ಇಳಿಯಬೇಕು.

ಮೊದಲ ಸಲ ಹತ್ತಿದಾಗ ವಿಜಯಳ ಸೊಂಟ ಒಂದು ಕಡೆ ಉಬ್ಬಿದಂತಿತ್ತು. ನಾನು ಫೋನಿನ ಕಡೆ ತಿರುಗಿದೆ. ರಾಜ್ಯಶ್ರೀ ಪೆಸರಟ್ಟು ತಿನ್ನುವಾಗ ಇವಳು, ಒಲೆ ಆರಿಸಿ ಬರ್ತೀನಿ ಎಂದು ಒಳಗೆ ಹೋದಳು. ಆವತ್ತು ಒಲೆ ಹೊತ್ತಿಸಿಯೇ ಇರಲಿಲ್ಲ.

ಎರಡನೆಯ ಸಲ ಹತ್ತಿದಾಗ ಒಂದು ಕೇಜಿಗೂ ಮೇಲೆ ಇಳಿದಿದ್ದಳು.

“ಇಳೀತು! ಸಾರ್, ಇಳೀತು!” ಅಶ್ವತ್ಥ ಕುಣಿದೇಬಿಟ್ಟ.

ಆ ಕಡೆ ರಾಜ್ಯಶ್ರೀ ಹತ್ತಿರ ಹತ್ತಿರ ಎರಡು ಕೇಜಿ ಏರಿದ್ದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಅಮ್ಮಾ, ನೀವು ತಿಂದದ್ದು ಎರಡು ಪೆಸರಟ್ಟು. ಎರಡು ಕೇಜಿ ಹೆಂಗ್ ಏರ್ತೈತ್ರಿ?”

“ನಾನು ಮಾಡಿದ ಪೆಸರಟ್ಟು ಅಷ್ಟು ಬರುವು, ಅಷ್ಟು ಭಾರ ಇರಲ್ಲಂಡಿ!” ಎಂದ ಫಣಿ, ಅವಮಾನವಾದವನಂತೆ.

ರಾಜ್ಯಶ್ರೀಗೆ ನಗು ತಡೆಯಲಿಲ್ಲ. ನಕ್ಕ ರಭಸಕ್ಕೆ ಸೆರಗಿನೊಳಗಿಂದ ಏನೋ ಜಾರಿ ಫಣಿಯ ಕಾಲ ಮೇಲೆ ಬಿತ್ತು. “ಅಮ್ಮೋ!” ಎಂದು ಅವನು ಒಂಟಿ ಕಾಲಲ್ಲಿ ಕುಪ್ಪಳಿಸಿದ. ಶುಂಠಿ ಜಜ್ಜುವ ಕಲ್ಲುಗುಂಡು.

ಅಶ್ವತ್ಥ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಅವಳು ಫ್ಯಾನು ನೋಡುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ತನ್ನ ಕಲ್ಲುಗುಂಡನ್ನು ತಂದು ಯಂತ್ರದ ಮೇಲಿಟ್ಟಳು. ಅದೇ ಕಪ್ಪು ಕಲ್ಲು, ಅದೇ ಆಕಾರ. ಮದುವೆಯಲ್ಲಿ ಅವರಮ್ಮ ಇಬ್ಬರಿಗೂ ಒಂದೊಂದು ಕೊಟ್ಟಿದ್ದರು.

“ಇಬ್ರೂ ಮಾತಾಡ್ಕೊಂಡಿದ್ರೇನ್ರಿ?” ಮೇಷ್ಟ್ರು ಕೇಳಿದರು.

“ಅಮ್ಮನಾಣೆ ಇಲ್ಲ ಸಾರ್” ಎಂದು ಎರಡೂ ಊರಿನಿಂದ ಒಟ್ಟಿಗೇ ಉತ್ತರ ಬಂತು.

ಅಶ್ವತ್ಥ ಬಾಲ್ಕನಿಗೆ ಹೋಗಿ ಕೂತ. ಆ ಕುರ್ಚಿ, ಆ ಗೋಡೆ. ವಿಜಯಳ ಮುಖ ಸಣ್ಣದಾಯಿತು.

“ಅಶ್ವತ್ಥ ಅವರೇ, ಅದೀರೇನ್ರಿ?” ಫೋನಿನೊಳಗಿಂದ ಮೇಷ್ಟ್ರು ಕೂಗಿದರು. “ನಿಮ್ಮ ತೂಕದ ಮಾತು ತಪ್ಪು, ಅದನ್ನ ಬಿಡ್ರಿ. ಕಣದಿಂದ ಕಣಕ್ಕ ತೂಕ ಗೀಕ ಏನೂ ಹೋಗಂಗಿಲ್ಲ. ಏನೂ ಹೋಗದೇನ ಎರಡೂ ಕಡೆ ಉತ್ತರ ಹೊಂದ್ತಾವಲ್ಲ, ಮಜಾ ಇರೋದು ಅಲ್ಲಿ.”

“ಅದರಲ್ಲೇನು ಮಜಾ ಸಾರ್?” ವಿಜಯ ಕಣ್ಣೊರೆಸಿಕೊಂಡಳು. “ಒಬ್ಳೇ ಅಮ್ಮ ಸಾಕಿದ್ದು. ಇಬ್ರಿಗೂ ಒಂದೇ ಕಳ್ಳಬುದ್ಧಿ.”

“ದೊಡ್ಡ ದೊಡ್ಡೋರೂ ಮೊದಲು ಹಂಗ ಅಂದ್ಕೊಂಡಿದ್ರು ತಾಯಿ. ಕಣಗಳೂ ತವರಿನಿಂದಾನ ಬುದ್ಧಿ ಕಲಿತು ಬಂದಿರ್ತಾವ ಅಂತ. ಅಳೆದು ನೋಡಿದ್ರ, ಅಷ್ಟಕ್ಕ ಮುಗಿಯಂಗಿಲ್ಲ ಅಂತ ಗೊತ್ತಾತು.”

ಬಾಲ್ಕನಿಯಲ್ಲಿ ಕುರ್ಚಿ ಕಿರುಗುಟ್ಟಿತು.

“ಹಾಗಂದ್ರೆ?”

“ಫೋನಿನಾಗ ಹೇಳಾಕ ಆಗಂಗಿಲ್ರಿ. ಮುಂದಿನ ಭಾನುವಾರ ಈ ಕಡೆ ಬರ್ರಿ. ಕಲ್ಲು ತರಬ್ಯಾಡ್ರಿ.”

ಅಶ್ವತ್ಥ ಕುರ್ಚಿಯನ್ನು ದರದರ ಎಳೆದು ತಂದು ನನ್ನ ಮುಂದೆ ಹಾಕಿಕೊಂಡ. “ಅಕ್ಕ, ನಾನು ಎಡವಿದ್ದೆಲ್ಲಿ ಗೊತ್ತಾ? ತೂಕ ಅನ್ನೋದನ್ನ ನಾನು…”

“ಶುರುವಾಯ್ತು ಪುರಾಣ!” ಎಂದು ವಿಜಯ ಯಂತ್ರದ ಮೇಲಿದ್ದ ಕಲ್ಲುಗುಂಡನ್ನು ಎತ್ತಿಕೊಂಡು ಒಳಗೆ ನಡೆದಳು. ಶುಂಠಿ ಜಜ್ಜುವ ಸದ್ದಿಗೆ ಅವನು ದನಿ ಏರಿಸಿದ, ಅವನ ದನಿಗೆ ಅವಳು ಇನ್ನೂ ಜೋರಾಗಿ ಜಜ್ಜಿದಳು. ನಾನು ಅವರೆಕಾಯಿಯ ಮೊರ ಎಳೆದುಕೊಂಡೆ.

ಚಹಾ ಬಂತು. ಒಂದು ಗುಟುಕು ಕುಡಿದು ಅಶ್ವತ್ಥ ಮುಖ ಕಿವುಚಿದ.

“ಏನೇ ಇದು, ಶುಂಠಿ ಜಾಸ್ತಿ ಆಯ್ತು ಕಣೇ!”

“ಆಗ್ಲಿ, ಕುಡೀರಿ” ಎಂದಳು ವಿಜಯ. ಬೈಸಿಕೊಂಡು ಅಷ್ಟು ಖುಷಿಪಟ್ಟವಳನ್ನು ನಾನು ಇನ್ನೆಲ್ಲೂ ಕಂಡಿಲ್ಲ.