ಯಾರೂ ಕರೆಯದ ಗುಂಪುಗಳು

ಆಲೂರಿನ ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಒಂದೇ ವಿಷಯವನ್ನು ಎರಡು ಕಡೆ ಬರೆದರೆ ಸಿಟ್ಟು ಬರುತ್ತಿತ್ತು. ಮದುವೆಯದಾಗಲಿ ತಿಥಿಯದಾಗಲಿ, ಅಲ್ಲೇ ಟೈಪು ಮಾಡುತ್ತಿದ್ದ ನಾನು ಎಕ್ಸ್‌ಎಂಎಲ್ ಫೈಲಿಗೆ ತುಂಬಿದ ಹೆಸರು, ದಿನಾಂಕಗಳನ್ನು ಅವರ ಸ್ಟೈಲ್‌ಶೀಟು, ಅಂದರೆ ಯಾವುದು ಹೇಗೆ ಕಾಣಬೇಕೆಂದು ಹೇಳುವ ಫೈಲು, ಕಾರ್ಡು ಮಾಡುತ್ತಿತ್ತು. ಅಕ್ಷರದ ಗಾತ್ರ, ಅಂಚು, ಬಣ್ಣಗಳನ್ನು ಗುಂಪು ಮಾಡಿ, ಹೆಸರಿಟ್ಟು, ಎಲ್ಲವನ್ನೂ ಆ ಒಂದೇ ಫೈಲಿನಲ್ಲಿ ಇಟ್ಟಿದ್ದರು. ಯಾವ ಕಾರ್ಡಿಗೆ ಯಾವುದು ಬೇಕೋ ಅದನ್ನು ಹೆಸರು ಹಿಡಿದು ಕರೆದರಾಯಿತು, ಕಾರ್ಡಿಗೆ ಆ ರೂಪ ಬರುತ್ತಿತ್ತು. ಹೊಸ ಗುಂಪು ಬರೆದಾಗಲೆಲ್ಲ ಉಗುರಿನಿಂದ ಪರದೆಯನ್ನು ಎರಡು ಸಲ ತಟ್ಟುತ್ತಿದ್ದರು.

ಫೈಲಿನ ಕೊನೆಯ ಎರಡು ಗುಂಪುಗಳನ್ನು ಮಾತ್ರ ಯಾವ ಕಾರ್ಡೂ ಕರೆಯುತ್ತಿರಲಿಲ್ಲ. ಎರಡರಲ್ಲೂ ತಿಥಿ ಕಾರ್ಡಿನಲ್ಲಿ ತೀರಿಕೊಂಡವರ ಹೆಸರಿನ ಸುತ್ತ ಹಾಕುವಂಥ ಒಂದು ಕಪ್ಪು ಚೌಕಟ್ಟು, ಅಳತೆ ಮಾತ್ರ ಬೇರೆ ಬೇರೆ.

‘ಇವನ್ನ ಅಳಿಸ್ಲಾ ಸಾರ್?’ ಎಂದು ಕೇಳಿದ್ದೆ.

‘ಇರ್ಲಿ ಬುಡಿ ಮಾರಾಯ್ರೆ, ಒಂದಿನ ಬೇಕಾಯ್ತದೆ.’

ಯಾವುದಕ್ಕೂ ಅವರದು ಅದೇ ಮಾತು.

ಅವರು ತೀರಿಕೊಂಡ ಮೂರನೆಯ ದಿನ ಅವರ ತಿಥಿ ಕಾರ್ಡು ಮಾಡಲು ನಾನೇ ಕುಳಿತೆ. ಯಾಕೋ ಆ ಎರಡರಲ್ಲಿ ಮೊದಲನೆಯದನ್ನು ಕರೆದೆ. ಅವರ ಉದ್ದನೆಯ ಹೆಸರು ಚೌಕಟ್ಟಿನೊಳಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು.

ಎರಡನೆಯದಕ್ಕೆ ಪ್ರೆಸ್ಸಿನವರ ಹೆಸರುಗಳನ್ನು ಒಂದೊಂದಾಗಿ ತುಂಬಿ ನೋಡಿದೆ. ಕೆಲವು ಹೊರಗೆ ಚಾಚಿದವು, ಕೆಲವಕ್ಕೆ ಜಾಗ ಉಳಿಯಿತು. ಕೊನೆಗೆ ನನ್ನದನ್ನು ಹಾಕಿದೆ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.