ಮಾದೇವಿಯ ಎರಡು ಗಂಟೆಯ ಇಂಜೆಕ್ಷನ್

ಭಟ್ಕಳದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ನೋವು ಮೂರು ಭಾಷೆಗಳಲ್ಲಿ ಕೇಳಿಸಿತು. ಒಂದು ಮಂಚದಿಂದ ಕೊಂಕಣಿ, ಪಕ್ಕದ್ದರಿಂದ ನವಾಯತಿ. ಮೂರನೆಯದು ಕನ್ನಡವೇ, ಆದರೂ ನಾನು ಕಕ್ಕಾಬಿಕ್ಕಿಯಾಗಿ ನಿಂತೆ.

"ಎಂತ ನೋಡ್ತ್ರಿ ಬಾಯೋರೆ? ಬ್ಯಾನೆ ತಡ್ಕಳೂಕೆ ಆಗೂದಿಲ್ಲ!"

ಬ್ಯಾನೆ ಎಂದರೆ ನೋವು. ಬಾಯೋರು ಎಂದರೆ ನಾನೇ, ನರ್ಸಮ್ಮ. ರಾಜ್ಯ ಒಂದಾಗಿ ನಾಲ್ಕೈದು ವರ್ಷವಾಗಿದ್ದರೂ ಮದ್ದೂರಿನ ನನ್ನ ಕಿವಿ ಇನ್ನೂ ಒಂದಾಗಿರಲಿಲ್ಲ.

ಮನೆ ಹುಡುಕುವ ಕಷ್ಟ ನನಗೆ ಬರಲಿಲ್ಲ. ಜೊತೆಯ ನರ್ಸ್ ಮೇರಿಬಾಯಿ, ಹೊನ್ನಾವರದ ಕೊಂಕಣಿ ಹೆಂಗಸು, ತನ್ನ ಮನೆಯ ಹೊರಕೋಣೆ ಬಿಟ್ಟುಕೊಟ್ಟಳು. ರಾಗಿಮುದ್ದೆಯ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ ಒಗ್ಗಿಸಿದವಳೂ ಅವಳೇ. ಆದರೆ ನಮ್ಮಿಬ್ಬರ ನಡುವೆಯೇ ಒಂದು ಜೀವ ಹೋಗುವುದರಲ್ಲಿತ್ತು.

ಶಿರಾಲಿಯ ಮಾದೇವಿಗೆ ಹೆರಿಗೆಯಾದ ಮೂರನೇ ದಿನ ವಿಪರೀತ ಜ್ವರ. ಆರು ಗಂಟೆಗೊಮ್ಮೆ ಪೆನಿಸಿಲಿನ್ ಕೊಡಬೇಕೆಂದು ಡಾಕ್ಟರು ಬರೆದಿದ್ದರು. ಆ ದಿನ ಎರಡು ಗಂಟೆಗೆ ಮೇರಿಬಾಯಿಯ ಪಾಳಿ ಮುಗಿದು ನನ್ನದು ಶುರುವಾಗುವ ಹೊತ್ತು. ಅವಳು ಬಾಗಿಲಲ್ಲಿದ್ದಳು. ನಾನು ದೂರದಿಂದಲೇ ಕೂಗಿದೆ: "ಮಾದೇವಿಯ ಎರಡು ಗಂಟೆಯ ಇಂಜೆಕ್ಷನ್?"

"ಆತು, ಆತು," ಎಂದು ಅವಳು ಹೊರಟಳು.

ಕೊಟ್ಟಾಯಿತು ಎಂದು ನಾನು ತಿಳಿದೆ. ಅದನ್ನು ನಾನು ಕೊಡುತ್ತೇನೆ ಎನ್ನುತ್ತಿದ್ದೇನೆಂದು ಅವಳು ತಿಳಿದು, 'ಸರಿ' ಎಂಬ ಅರ್ಥದಲ್ಲಿ 'ಆತು' ಎಂದಿದ್ದಳು.

ಸಂಜೆ ಆರರ ಹೊತ್ತಿಗೆ ಮಾದೇವಿ ಗಡಗಡ ನಡುಗುತ್ತಿದ್ದಳು. ಮಗುವನ್ನು ಪಕ್ಕಕ್ಕಿಟ್ಟರೂ ಅವಳು ಕಣ್ಣು ತೆರೆಯಲಿಲ್ಲ. ಔಷಧದ ಪೆಟ್ಟಿಗೆ ತೆಗೆದು ನೋಡಿದೆ. ಮಧ್ಯಾಹ್ನದ ಶೀಶೆ ಹಾಗೆಯೇ ಕೂತಿತ್ತು. ರಿಜಿಸ್ಟರಿನಲ್ಲಿ 'ಕೊಟ್ಟಿದೆ' ಎಂದು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು, ಬರೆಯುವ ಮನಸ್ಸೂ ಬಂದಿತ್ತು. ಅಷ್ಟರಲ್ಲಿ ಮಗು ಅತ್ತಿತು. ನಾನು ಓಡಿಹೋಗಿ ಡಾಕ್ಟರಿಗೆ ಹೇಳಿಬಿಟ್ಟೆ.

"ಮೊದಲು ಸೂಜಿ ಚುಚ್ಚಿ. ಬೈಯೋದು ಆಮೇಲೆ," ಎಂದರು. ಆಮೇಲೆ ಬೈದರು ಕೂಡ.

ಮನೆಗೆ ಹೋದವಳೇ ಮೇರಿಬಾಯಿಯ ಮೇಲೆ ಹರಿಹಾಯ್ದೆ. "ನಿಮ್ಮೂರ ಮಾತೇ ಹೀಗೆ! ಮುಗಿದರೂ ಆತು, ಸರಿ ಅನ್ನೋದಕ್ಕೂ ಆತು!"

ಅವಳು ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಮೆಲ್ಲಗೆ ಕೇಳಿದಳು: "ನಿಮ್ಮ ಬದಿಗೆ 'ಆಯ್ತು' ಅಂದ್ರೆ ಎಂತ?"

ನಮ್ಮ 'ಆಯ್ತು' ಎಂಬುದಕ್ಕೂ ಅವೇ ಎರಡು ಅರ್ಥ.

"ತಪ್ಪು ನಂದೂ ಹೌದು ಮಾರಾಯ್ತಿ," ಎಂದಳು. ಅವಳ ಕಣ್ಣು ತುಂಬಿತ್ತು. "ಹೋಗೂಕೆ ಮುಂಚೆ ನಿನ್ನನ್ನ ಮಾದೇವಿ ಮಂಚದ ಹತ್ರ ಕರ್ಕಂಡು ಹೋಗ್ಬೇಕಿತ್ತು."

ನಾನು ಕಲಿತ ಮೈಸೂರಿನ ಆಸ್ಪತ್ರೆಯಲ್ಲಿ ಮಂಚಕ್ಕೊಂದು ಚಾರ್ಟು ಇರುತ್ತಿತ್ತು. ಇಲ್ಲಿ ಎಲ್ಲರಿಗೂ ಸೇರಿ ಒಂದೇ ರಿಜಿಸ್ಟರು, ಅದೂ ಡಾಕ್ಟರ ಕೋಣೆಯಲ್ಲಿ. ಬೆಳಿಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಹಳತು. ಮರುದಿನ ಮೇರಿಬಾಯಿ ಅಂಗಡಿಯಿಂದ ಶಾಲೆ ಮಕ್ಕಳ ಪಾಟಿಗಳನ್ನು ಹೊತ್ತು ತಂದಳು. ನಮ್ಮ ಸ್ಲೇಟಿಗೆ ಇಲ್ಲಿ ಪಾಟಿ ಎನ್ನುತ್ತಾರೆ. ಪ್ರತಿ ಮಂಚಕ್ಕೊಂದನ್ನು ಕಟ್ಟಿದೆವು: ರೋಗಿಯ ಹೆಸರು, ಯಾವ ಔಷಧ, ಯಾವಾಗ, ಕೊಟ್ಟವರು ಯಾರು. ಗಂಜಿ ಮಾತ್ರವೋ, ಎದ್ದು ಓಡಾಡಬಹುದೋ ಎಂಬುದೂ ಅದರಲ್ಲೇ. ಸ್ಥಿತಿ ಬದಲಾದ ಕೂಡಲೇ ಅಳಿಸಿ ಹೊಸದಾಗಿ ಬರೆಯುವುದು. ಪಾಳಿ ಬದಲಾಗುವಾಗ ಇಬ್ಬರೂ ಮಂಚದಿಂದ ಮಂಚಕ್ಕೆ ನಡೆದು, ರೋಗಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದೆವು.

"ಶಾಲೆ ತೆರೆದಿರೇನು?" ಎಂದು ಡಾಕ್ಟರು ನಕ್ಕರು. ವಾರದೊಳಗೆ ಅವರೂ ಸೀಮೆಸುಣ್ಣ ಕೇಳತೊಡಗಿದರು. ಕನ್ನಡ ಓದಲು ಬಾರದ ನವಾಯತಿ ಅಜ್ಜಿಯೊಬ್ಬರು, ಔಷಧ ಕೊಟ್ಟದ್ದನ್ನು ನಾನು ಬರೆಯುವವರೆಗೂ ಪಾಟಿಯನ್ನು ಬೆರಳಿನಿಂದ ಬಡಿಯುತ್ತಿದ್ದರು.

ಮಾದೇವಿಯ ಜ್ವರ ಇಳಿಯಲು ಇನ್ನೂ ಮೂರು ದಿನ ಹಿಡಿಯಿತು. ಅವಳು ಮನೆಗೆ ಹೊರಟಾಗ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು, "ಬಾಯೋರೆ, ಇವನನ್ನ ಒಂದ್ಚೂರು ಹಿಡ್ಕಳಿ, ಸೀರೆ ಸರಿ ಮಾಡ್ಕಂತೆ," ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ಅಷ್ಟು ನಂಬಿಕೆಯನ್ನು ನನಗೆ ಯಾವ ಊರೂ ಕೊಟ್ಟಿರಲಿಲ್ಲ.

ಈಗ ಅವ್ವ ಮದ್ದೂರಿನಿಂದ ವರ್ಗಾವಣೆಯ ಅರ್ಜಿ ಫಾರಂ ಕಳಿಸಿದ್ದಾಳೆ. ಸ್ವಂತ ಊರು ಎಂಬಲ್ಲಿ ತಡೆಯದೆ ಬರೆದೆ. ಬೇಕಾದ ಊರು ಎಂಬ ಜಾಗ ಮಾತ್ರ ತಿಂಗಳಿಂದ ಖಾಲಿ ಇದೆ. ಅವ್ವ ಕಾಯುತ್ತಿದ್ದಾಳೆ, ಒಳಗಿನಿಂದ ಮೇರಿಬಾಯಿ ಗಂಜಿಗೆ ಕರೆಯುತ್ತಿದ್ದಾಳೆ.